ಪಿಂಗಾಣಿಯ ಒಳನೀಲಿ

ತಾತ ಬಿನ್ನಿ ಮಿಲ್ಲಿಗೆ ಬುತ್ತಿ ಒಯ್ಯುತ್ತಿದ್ದ ಪಿಂಗಾಣಿ ಬಟ್ಟಲು ಈಗ ನನ್ನ ಮೇಜಿನ ಮೇಲಿದೆ. 1884ರಲ್ಲಿ ಶುರುವಾದ ಆ ಮಿಲ್ಲಿದ್ದ ಕಡೆ ಇವತ್ತು ಎತ್ತೆತ್ತರದ ಅಪಾರ್ಟ್‌ಮೆಂಟುಗಳು. ಬಟ್ಟಲು ಮಾತ್ರ ಬಿನ್ನಿಪೇಟೆ ಬಿಟ್ಟಿಲ್ಲ. ಮೈ ಬಿಳಿ, ಅಂಚು ನೀಲಿ. ಒಂದು ಕಡೆ ಹೆಬ್ಬೆರಳ ಉಗುರಿನಷ್ಟು ಚಕ್ಕೆ ಎದ್ದಿದೆ. ಹಳೆ ಪಾತ್ರೆ ಕೂಡಿಡುವವರು ಇಂಥದ್ದನ್ನು ಪಕ್ಕಕ್ಕೆ ಸರಿಸುತ್ತಾರೆ. ನಾನು ಮೊದಲು ನೋಡುವುದೇ ಆ ಚಕ್ಕೆಯನ್ನು.

ಭೂತಗನ್ನಡಿ ಹಿಡಿದರೆ ಬಿಳಿಯ ಕೆಳಗೆ ಇನ್ನೊಂದು ಪದರ ಕಾಣುತ್ತದೆ, ನೇರಳೆಹಣ್ಣಿನ ಸಿಪ್ಪೆಯಂಥ ಕಪ್ಪುನೀಲಿ. ಅದು ಕೋಬಾಲ್ಟ್ ಆಕ್ಸೈಡ್ ಬೆರೆಸಿದ ಗಾಜು. ಈ ಪಾತ್ರೆಗಳೆಂದರೆ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜು ತಾನೆ? ಗಾಜಿಗೂ ಕಬ್ಬಿಣಕ್ಕೂ ಸುಲಭಕ್ಕೆ ಹೊಂದದು. ಬರೀ ಗಾಜು ಬಳಿದರೆ ಹಳೆ ಗೋಡೆಯ ಸುಣ್ಣದ ಹಾಗೆ ಉದುರಿಬಿಡುತ್ತದೆ. ಅದಕ್ಕೇ ಅಡಿಪದರಕ್ಕೆ ನೂರಕ್ಕೆ ಅರ್ಧ ಭಾಗದ ಆಸುಪಾಸು ಈ ಕಪ್ಪು ಪುಡಿ ಸೇರಿಸುತ್ತಿದ್ದರು. 800 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ ಕೋಬಾಲ್ಟ್ ತನ್ನ ಆಮ್ಲಜನಕವನ್ನು ಕಬ್ಬಿಣಕ್ಕೆ ಬಿಟ್ಟುಕೊಟ್ಟು, ಲೋಹದ ಕಣಗಳಾಗಿ ತಗಡಿನ ಮೇಲೆ ಕೂರುತ್ತದೆ. ಆ ಕಣಗಳ ಸುತ್ತ ಕಬ್ಬಿಣ ಸವೆದು ಸೂಕ್ಷ್ಮ ಗುಳಿಗಳಾಗುತ್ತವೆ, ಕರಗಿದ ಗಾಜು ಅವುಗಳೊಳಗಿಳಿದು ಬೇರು ಬಿಡುತ್ತದೆ. ನುಣುಪಾದ ಬೀಸುಕಲ್ಲಿಗೆ ಅಜ್ಜಿ ಉಳಿಪೆಟ್ಟು ಹಾಕಿಸುತ್ತಿದ್ದರಲ್ಲ, ಹಿಡಿತ ಬರಲೆಂದು, ಹಾಗೆ.

ಕೋಬಾಲ್ಟ್ ಹೆಸರಾಗಿರುವುದು ಬಣ್ಣಕ್ಕೆ, ನಿಜ. ಬೀದರಿನ ಮಹಮದ್ ಗವಾನ್ ಮದರಸಾಕ್ಕೆ (1472) ಹೋದವರು ಗೋಡೆಯ ಬಿಲ್ಲೆಗಳ ಕಡುನೀಲಿಯನ್ನು ಮರೆಯಲಾರರು. 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಕುಸಿಯಿತು. ಉಳಿದ ಬಿಲ್ಲೆಗಳ ನೀಲಿ ಐದು ಶತಮಾನದ ಬಿಸಿಲಿಗೂ ಮಾಸಿಲ್ಲ, ಬಣ್ಣ ಗಾಜಿನೊಳಗೇ ಕರಗಿ ಕೂತಿದೆ. ಇನ್ನು ಮೊಬೈಲ್ ಬ್ಯಾಟರಿಯ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ವಿಚಾರ ಬೇರೆಯೇ ಒಂದು ವಾರಕ್ಕಿರಲಿ. ನನ್ನ ಮನಸ್ಸು ಸೋಲುವುದು ಬಿಳಿಯ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವ ಈ ಒಳನೀಲಿಗೆ.

ಭಾನುವಾರ ಚಿಕ್ಕಪೇಟೆಯ ಬಜಾರಿನಲ್ಲಿ ಹಳೆ ಪಿಂಗಾಣಿ ಸಿಕ್ಕರೆ, ಏಟು ಬಿದ್ದ ಜಾಗ ನೋಡಿ. ತಗಡು ಫಳಫಳ ಬೆತ್ತಲಾಗಿದ್ದರೆ ಗಾಜು ಸರಿಯಾಗಿ ಹಿಡಿದಿರಲಿಲ್ಲ ಎಂದರ್ಥ, ಬಿಟ್ಟುಬಿಡಿ. ಗುಳಿಯಲ್ಲೂ ಕಪ್ಪುನೀಲಿ ಚೂರುಗಳು ಅಂಟಿಕೊಂಡಿದ್ದರೆ ಧೈರ್ಯವಾಗಿ ಕೊಳ್ಳಿ. ಚಕ್ಕೆ ಎದ್ದದ್ದರಲ್ಲಿ ಊಟ ಬೇಡ, ಕಪಾಟಿನಲ್ಲಿಡಿ. ತಾತನ ಬಟ್ಟಲಲ್ಲಿ ಆ ಚೂರುಗಳು ಇನ್ನೂ ಹಾಗೇ ಕಚ್ಚಿಕೊಂಡಿವೆ. ನಡುವೆ ಸಾಸಿವೆಕಾಳಿನಷ್ಟು ತುಕ್ಕು, ಅಷ್ಟೆ.