ಕೇಳದೆ ತೆರೆಯುವ ವಿಂಡೋ

ಜಾವಾಸ್ಕ್ರಿಪ್ಟ್‌ನಲ್ಲಿ ‘ವಿಂಡೋ.ಓಪನ್’ ಎಂಬ ಒಂದು ಸಾಲಿನ ಆಜ್ಞೆಯಿದೆ. ಯಾವ ಪುಟ, ವಿಂಡೋಗೆ ಏನು ಹೆಸರು, ಉದ್ದಗಲ ಎಷ್ಟು ಎಂದು ಹೇಳಿದರೆ ಸಾಕು, ಪರದೆಯ ಮೇಲೆ ಹೊಸ ವಿಂಡೋ ಎದ್ದು ನಿಲ್ಲುತ್ತದೆ. 1990ರ ದಶಕದ ನಡುಭಾಗದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಜೊತೆ ಬಂದ ಈ ಸೌಲಭ್ಯವೇ ಕೆಟ್ಟದ್ದು ಎಂದು ನಾನು ಹೇಳಲಾರೆ. ಅರ್ಧ ತುಂಬಿದ ಅರ್ಜಿಯನ್ನು ಹಾಗೇ ಬಿಟ್ಟು ನಿಯಮಾವಳಿಯನ್ನು ಪಕ್ಕದಲ್ಲಿ ತೆರೆದು ಓದಲು ಇದಕ್ಕಿಂತ ಒಳ್ಳೆಯ ದಾರಿ ಆಗ ಇರಲಿಲ್ಲ. ನನ್ನ ತಕರಾರು ಒಂದೇ: ಓದುಗ ಕೇಳದೆ ಇದ್ದಾಗ ಈ ಆಜ್ಞೆ ಚಲಾಯಿಸುವ ಹಕ್ಕು ಪುಟ ಬರೆದವರಿಗೆ ಇಲ್ಲ.

ಆ ಹಕ್ಕನ್ನು ಅವರು ವರ್ಷಗಟ್ಟಲೆ ತಾವಾಗಿಯೇ ತೆಗೆದುಕೊಂಡರು. ಪುಟ ಲೋಡ್ ಆಗುತ್ತಿದ್ದಂತೆ ಒಂದು ವಿಂಡೋ, ಮುಚ್ಚಿ ಹೊರಡುವಾಗ ಇನ್ನೊಂದು. ಅದನ್ನು ಮುಚ್ಚಿದರೆ ಅದರ ಹೊಟ್ಟೆಯಿಂದ ಮತ್ತೊಂದು. ಇವೇ ಪಾಪ್‌ಅಪ್‌ಗಳು. ಇದಕ್ಕಿಂತ ಕೀಳು ತಂತ್ರ ಪಾಪ್‌ಅಂಡರ್. ಅದು ಹೊಸ ವಿಂಡೋ ತೆರೆದು, ಮರುಕ್ಷಣವೇ ಮೊದಲಿನದನ್ನು ಮುಂದಕ್ಕೆ ತಂದು, ಜಾಹೀರಾತನ್ನು ಹಿಂದೆ ಅಡಗಿಸಿಡುತ್ತಿತ್ತು. ಎಲ್ಲವನ್ನೂ ಮುಚ್ಚುವ ಹೊತ್ತಿಗೆ ಅದು ಕಣ್ಣಿಗೆ ಬೀಳುತ್ತಿತ್ತು. ಯಾವ ಸೈಟ್ ಅದನ್ನು ತಂದು ಹಾಕಿತೆಂದು ಪತ್ತೆ ಮಾಡುವಂತಿರಲಿಲ್ಲ. 2001ರ ಸುಮಾರಿಗೆ ಎಕ್ಸ್‌ಟೆನ್ ಕಂಪನಿಯ ಪುಟ್ಟ ವೈರ್‌ಲೆಸ್ ಕ್ಯಾಮೆರಾದ ಜಾಹೀರಾತು ಹೀಗೇ ಜಗತ್ತಿನ ಉದ್ದಗಲಕ್ಕೂ ಹರಡಿತು. ನಮ್ಮಲ್ಲಿ ಆಗ ಇದ್ದದ್ದು ಡಯಲ್‌ಅಪ್ ಸಂಪರ್ಕ, ಇಲ್ಲವೇ ಗಂಟೆ ಲೆಕ್ಕದ ಸೈಬರ್ ಕೆಫೆ. ಕೇಳದ ವಿಂಡೋದೊಳಗಿನ ಚಿತ್ರಗಳು ಇಳಿಯುವಷ್ಟು ಹೊತ್ತೂ ದುಡ್ಡು ತೆರುತ್ತಿದ್ದವರು ನಾವೇ.

ಪಾಪ್‌ಅಪ್ ಜಾಹೀರಾತಿನ ಹುಟ್ಟಿನಲ್ಲಿ ದುರುದ್ದೇಶ ಇರಲಿಲ್ಲ ಎಂಬುದನ್ನೂ ಹೇಳಬೇಕು. ಟ್ರೈಪಾಡ್ ಎಂಬ ಸೈಟ್‌ನಲ್ಲಿ ಸಾಮಾನ್ಯ ಜನರು ತಮ್ಮ ತಮ್ಮ ಪುಟಗಳನ್ನು ಮಾಡಿಕೊಳ್ಳುತ್ತಿದ್ದರು. ಅಂಥ ಒಂದು ಅಶ್ಲೀಲ ಪುಟದ ಮೇಲೆ ತನ್ನ ಜಾಹೀರಾತು ಬಂದದ್ದನ್ನು ಕಂಡು ಕಾರು ಕಂಪನಿಯೊಂದು ಸಿಟ್ಟಾಯಿತು. ಪುಟಕ್ಕೂ ಜಾಹೀರಾತಿಗೂ ನಂಟು ಕಾಣದಿರಲಿ ಎಂದು ಜಾಹೀರಾತನ್ನೇ ಬೇರೆ ವಿಂಡೋದಲ್ಲಿ ತೆರೆಯುವ ಕೋಡ್ ಬರೆದವರು ಅಲ್ಲಿದ್ದ ಈಥನ್ ಝುಕರ್‌ಮನ್. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಲೇಖನದಲ್ಲಿ ಅವರು ಅದಕ್ಕಾಗಿ ಕ್ಷಮೆ ಕೇಳಿದರು. ಜಾಹೀರಾತುದಾರರ ಮುಜುಗರ ಅಂದು ತಪ್ಪಿತು. ಅದರ ಭಾರ ಓದುಗರ ತಲೆಗೆ ಬಂತು. ಈ ಪದ್ಧತಿಯ ಮೂಲದೋಷ ಇರುವುದೇ ಇಲ್ಲಿ.

ತಿದ್ದುಪಡಿ ಬಂದದ್ದು ಬ್ರೌಸರ್ ಮಾಡುವವರಿಂದ. ಒಪೆರಾ, ಮೊಜಿಲ್ಲಾ ಮುಂದಾದವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಪಾಪ್‌ಅಪ್ ತಡೆಯತೊಡಗಿತು. ಇಲ್ಲಿ ಮೆಚ್ಚಬೇಕಾದದ್ದು ಅವರು ಹಾಕಿದ ಗೆರೆ. ಬಳಕೆದಾರ ಕ್ಲಿಕ್ ಮಾಡಿದ್ದರೆ, ಕೀಲಿ ಒತ್ತಿದ್ದರೆ, ಅದರ ಬೆನ್ನಿಗೇ ತೆರೆಯುವ ವಿಂಡೋಗೆ ಅನುಮತಿ. ಪುಟ ತಾನೇ ತೆರೆಯ ಹೊರಟರೆ ಇಲ್ಲ. ಒಳಗೇನಿದೆ, ಜಾಹೀರಾತೋ ರಸೀದಿಯೋ ಎಂದು ಬ್ರೌಸರ್ ಕೇಳುವುದಿಲ್ಲ. ಕೇಳಿದ್ದು ಯಾರು ಎಂಬುದನ್ನಷ್ಟೇ ನೋಡುತ್ತದೆ. ಇದಕ್ಕಿಂತ ನ್ಯಾಯವಾದ ಅಳತೆಗೋಲು ನನಗೆ ಕಾಣುವುದಿಲ್ಲ.

ಆದರೂ ಹಳೆಯ ಚಾಳಿ ಪೂರ್ತಿ ಹೋಗಿಲ್ಲ. ಶುಲ್ಕ ಕಟ್ಟುವ ಪುಟಗಳಲ್ಲಿ, ಪ್ರವೇಶ ಪತ್ರ ಇಳಿಸಿಕೊಳ್ಳುವ ಪುಟಗಳಲ್ಲಿ ‘ಪಾಪ್‌ಅಪ್ ಬ್ಲಾಕರ್ ಆಫ್ ಮಾಡಿ’ ಎಂಬ ಸೂಚನೆ ಇಂದಿಗೂ ಕಾಣುತ್ತದೆ. ಕಾರಣ ಬಹುಮಟ್ಟಿಗೆ ಇಷ್ಟೆ: ಬಟನ್ ಒತ್ತಿದ ಮೇಲೆ ಕೋಡ್ ಸರ್ವರ್‌ಗೆ ಹೋಗಿ, ಉತ್ತರಕ್ಕೆ ಕಾದು, ಆಮೇಲೆ ವಿಂಡೋ ತೆರೆಯಲು ನೋಡುತ್ತದೆ. ಅಷ್ಟರಲ್ಲಿ ಕ್ಲಿಕ್ಕಿನ ಅವಧಿ ಮುಗಿದಿರುತ್ತದೆ, ಬ್ರೌಸರ್ ತಡೆಯುತ್ತದೆ. ಒತ್ತಿದ ಕ್ಷಣವೇ ಖಾಲಿ ವಿಂಡೋ ತೆರೆದಿಟ್ಟು, ಉತ್ತರ ಬಂದಮೇಲೆ ವಿಳಾಸ ತುಂಬಿದರೆ ಕೆಲಸ ಮುಗಿಯಿತು. ಇಲ್ಲವೇ ಅದೇ ಪುಟದಲ್ಲಿ ಒಂದು ಲಿಂಕ್ ಕೊಡಬಹುದು. ಈ ನಾಲ್ಕು ಸಾಲು ತಿದ್ದುವುದನ್ನು ಬಿಟ್ಟು, ಬಳಕೆದಾರರಿಗೆ ತಮ್ಮ ಕಾವಲನ್ನೇ ತೆಗೆಯಿರಿ ಎನ್ನುವುದು ಬೇಜವಾಬ್ದಾರಿ. ಒಮ್ಮೆ ಆಫ್ ಮಾಡಿದವರು ಮತ್ತೆ ಆನ್ ಮಾಡುತ್ತಾರೆಂಬ ಭರವಸೆಯಿಲ್ಲ.

ಕೇಳದೆ ತೆರೆಯುವ ವಿಂಡೋದ ಪೆಟ್ಟು ಹೆಚ್ಚು ಬೀಳುವುದು ದೃಷ್ಟಿದೋಷ ಉಳ್ಳವರ ಮೇಲೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಪುಟವನ್ನು ಓದಿ ಹೇಳುತ್ತಿರುವಾಗ ನಡುವೆ ಹೊಸ ವಿಂಡೋ ಬಂದರೆ ಓದು ಅಲ್ಲಿಗೇ ಜಿಗಿಯುತ್ತದೆ. ಹಿಂದಕ್ಕೆ ಹೋಗೋಣವೆಂದರೆ ಆ ವಿಂಡೋಗೆ ಹಿಂದಿನ ಪುಟವೇ ಇರುವುದಿಲ್ಲ. ಅದಕ್ಕೇ 1999ರ ಮೊದಲ ವೆಬ್ ಸುಗಮ್ಯತೆ ಮಾರ್ಗಸೂಚಿಯೇ ತಿಳಿಸದೆ ವಿಂಡೋ ತೆರೆಯಬೇಡಿ ಎಂದಿತ್ತು. ನಮ್ಮ ಅನೇಕ ಸರ್ಕಾರಿ ಜಾಲತಾಣಗಳಲ್ಲಿ ಹೊರಗಿನ ಲಿಂಕ್ ಹೊಸ ವಿಂಡೋದಲ್ಲಿ ತೆರೆಯುತ್ತದೆ ಎಂಬ ಮುನ್ಸೂಚನೆ ಇದೆ. ಒಳ್ಳೆಯ ರೂಢಿ, ಖಾಸಗಿ ಸೈಟ್‌ಗಳೂ ಕಲಿಯಬೇಕಾದದ್ದು.

ವೆಬ್‌ಸೈಟ್ ಕಟ್ಟುವ ಗೆಳೆಯರಲ್ಲಿ ನನ್ನ ಮನವಿ: ಹೊಸ ವಿಂಡೋ ಬೇಕೇಬೇಕು ಎನಿಸಿದರೆ ಲಿಂಕ್‌ನ ಮೇಲೆಯೇ ಹಾಗೆಂದು ಬರೆಯಿರಿ, ಒತ್ತುವುದನ್ನು ಓದುಗರಿಗೆ ಬಿಡಿ. ನಿಮ್ಮ ಪುಟದಲ್ಲಿ ಬ್ಲಾಕರ್ ಆಫ್ ಮಾಡಿರೆಂಬ ಸೂಚನೆ ಇದ್ದರೆ ಅದನ್ನು ಅಳಿಸಿ, ಕೋಡ್ ತಿದ್ದಿ.