ಉತ್ತರಿಸುವವರು ಯಾರು?

ವಾಹನದ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಪ್ಲೇಯರನ್ನು ನೀವೂ ಬಲ್ಲಿರಿ. ಪೆನ್‌ಡ್ರೈವಿನಲ್ಲಿರುವ ಹಾಡನ್ನು ಅದು ಎಫ್‌ಎಂ ತರಂಗವಾಗಿ ಬಿತ್ತರಿಸುತ್ತದೆ, ವಾಹನದ ರೇಡಿಯೊ ಅದನ್ನು ಹಿಡಿದು ನುಡಿಸುತ್ತದೆ. ಬೆಂಗಳೂರಿನಲ್ಲಿ 101.3ರ ಆಸುಪಾಸಿನಲ್ಲಿಟ್ಟರೆ ಭಕ್ತಿಗೀತೆಯೊಳಗೆ ಆಕಾಶವಾಣಿ ನುಗ್ಗುತ್ತದೆ. ಕನಕಪುರ ದಾಟಿ ದೊಡ್ಡಆಲಹಳ್ಳಿಯತ್ತ ಸಾಗಿದಂತೆ ನಗರದ ಕೇಂದ್ರಗಳ ಬಲ ಕುಂದಿ ದನಿ ತಿಳಿಯಾಗುತ್ತದೆ.

ಹಾಡುಗಳಿಗೆ ನನ್ನ ಆಕ್ಷೇಪಣೆಯಿಲ್ಲ. ತಪಸ್ಸುಕಾಲದ ಗೀತೆಯ ಬೆನ್ನಿಗೇ ಕ್ರಿಸ್ಮಸ್ ಗೀತೆ ಬಂದರೂ ಸಹಿಸಬಹುದು. ನನ್ನ ತಕರಾರು ಜಪಸರದ ಧ್ವನಿಮುದ್ರಣದ ಬಗ್ಗೆ. ಅದರಲ್ಲಿ ‘ನಮೋ ಮರಿಯ’ದ ಪೂರ್ವಾರ್ಧದ ಜೊತೆಗೆ ಉತ್ತರಾರ್ಧವನ್ನೂ ಯಂತ್ರವೇ ಹೇಳಿಬಿಡುತ್ತದೆ. ಐದು ರಹಸ್ಯಗಳು ಮುಗಿದರೂ ವ್ಯಾನಿನಲ್ಲಿ ಒಬ್ಬರೂ ತುಟಿ ಬಿಚ್ಚಿರುವುದಿಲ್ಲ.

ಪವಿತ್ರ ಸಂಗೀತವನ್ನು ಕುರಿತು ರೋಮಿನಿಂದ 1958ರ ಸೆಪ್ಟೆಂಬರ್ 3ರಂದು ಹೊರಟ ಆದೇಶವು ಗ್ರಾಮೋಫೋನ್, ಟೇಪ್ ರೆಕಾರ್ಡರುಗಳನ್ನು ಆರಾಧನೆಯಲ್ಲಿ ಮಾತ್ರವಲ್ಲ, ದೇವಾಲಯದ ಹೊರಗಿನ ಭಕ್ತಿಕಾರ್ಯಗಳಲ್ಲಿಯೂ ನಿಷೇಧಿಸಿತ್ತು. ಗುರುಮಠದಲ್ಲಿ ಅದನ್ನು ಓದಿದಾಗ ಹಳೆಯ ಕಾಲದ ಬಿಗಿಯೆಂದು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ದೊಡ್ಡಆಲಹಳ್ಳಿಯಿಂದ ಸಂಗಮದವರೆಗಿನ ದಾರಿ ಒಂದು ಜಪಸರಕ್ಕೆ ಧಾರಾಳವಾಗಿ ಸಾಕು. ಹಿಂದಿನ ಸೀಟಿನ ಅಜ್ಜಿ ಆರಂಭಿಸಲಿ, ಮಕ್ಕಳು ಉತ್ತರಿಸಲಿ. ಪ್ಲೇಯರನ್ನು ಹಿಂದಿರುಗುವಾಗ ಹಾಕಿಕೊಳ್ಳಿ.