ಎರಡು ಬೆರಳ ತುದಿ, ಒಂದು ಆಲ್ಬಮ್

ರಾಕ್ ಸಂಗೀತದ ದಿಕ್ಕು ಬದಲಿಸಿದ ಆಲ್ಬಮ್‌ಗಳು ಅಂತ ಯಾರೇ ಪಟ್ಟಿ ಮಾಡಲಿ, ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಮೇಲಿನ ಸಾಲಲ್ಲಿ ಇದ್ದೇ ಇರುತ್ತೆ. ತಪ್ಪೇನಿಲ್ಲ. 1966ರ ನವೆಂಬರಿನಿಂದ 1967ರ ಏಪ್ರಿಲ್‌ವರೆಗೆ ಲಂಡನ್ನಿನಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಪದರದ ಮೇಲೆ ಪದರ ಸೇರಿಸಿ ಮಾಡಿದ ಕೆಲಸ ಅದು. ಸ್ಟುಡಿಯೋ ಕೂಡ ಒಂದು ವಾದ್ಯ ಅಂತ ತೋರಿಸಿಕೊಟ್ಟಿತು. ಆದರೆ ಇಂಥ ಪಟ್ಟಿಗಳನ್ನು ಓದ್ತಾ ಓದ್ತಾ ನಮ್ಮೊಳಗೆ ಒಂದು ನಂಬಿಕೆ ಬೇರೂರಿಬಿಡುತ್ತೆ. ದಿಕ್ಕು ಬದಲಿಸೋಕೆ ಸಮಯ ಬೇಕು, ದುಡ್ಡು ಬೇಕು, ದೊಡ್ಡ ಸ್ಟುಡಿಯೋ ಬೇಕು ಅಂತ.

ಈ ನಂಬಿಕೆಗೆ ಅಡ್ಡ ನಿಲ್ಲೋ ಆಲ್ಬಮ್ ಒಂದಿದೆ. ತಂಡದ ಹೆಸರೂ ಅದೇ, ಆಲ್ಬಮ್ಮಿನ ಹೆಸರೂ ಅದೇ, ಮೊದಲ ಹಾಡಿನ ಹೆಸರೂ ಅದೇ: 'ಬ್ಲ್ಯಾಕ್ ಸಬ್ಬತ್'. 1969ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಆಗಿ, 1970ರ ಫೆಬ್ರವರಿ 13ರಂದು ಬಿಡುಗಡೆಯಾಯಿತು. ನಾಲ್ಕೂ ಜನ ಬರ್ಮಿಂಗ್‌ಹ್ಯಾಮಿನ ಕೂಲಿಕಾರರ ಕೇರಿಯ ಹುಡುಗರು. ಹಾಡುವ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ಕೆಲಸ ಮಾಡಿದ್ದವನು. ಬೇಸ್ ಗಿಟಾರಿಗೆ ಗೀಜರ್ ಬಟ್ಲರ್ (ಬಚ್ಚಲುಮನೆಯ ಗೀಜರ್ ಅಲ್ಲ, ಕರೆಯೋ ಹೆಸರೇ ಅದು), ಡ್ರಮ್ಸಿಗೆ ಬಿಲ್ ವಾರ್ಡ್. ಗಿಟಾರ್ ಹಿಡಿದವನು ಟೋನಿ ಐಯೋಮಿ.

ಐಯೋಮಿಯ ಕೈ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವನು ಎಡಗೈಯವನು. ಅಂದರೆ ಎಡಗೈಯಲ್ಲಿ ತಂತಿ ಮೀಟಿ, ಬಲಗೈ ಬೆರಳಲ್ಲಿ ತಂತಿ ಒತ್ತಬೇಕು. ಹದಿನೇಳನೇ ವಯಸ್ಸಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೊನೆಯ ದಿನದ ಕೆಲಸ ಮುಗಿಸುತ್ತಿದ್ದಾಗ ಯಂತ್ರ ಅದೇ ಬಲಗೈಯ ಎರಡು ಬೆರಳ ತುದಿ ತೆಗೆದುಕೊಂಡಿತು. ಇನ್ನು ಗಿಟಾರ್ ಆಗಲ್ಲ ಅಂದರು. ಆಗ ಕಾರ್ಖಾನೆಯ ಮೇಲಧಿಕಾರಿಯೊಬ್ಬ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದ. ಜ್ಯಾಂಗೋ ಬೆಂಕಿ ಅನಾಹುತದಲ್ಲಿ ಎರಡು ಬೆರಳ ಬಳಕೆ ಕಳೆದುಕೊಂಡೂ ನುಡಿಸಿದವನು. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೆ ಬ್ಯಾಂಜೋ ತಂತಿ ಹಾಕಿ ನೋಡಿದ. ಬೆರಳೆಲ್ಲ ಹರಡಿ ಹಿಡಿಯೋ ದೊಡ್ಡ ಕಾರ್ಡ್‌ಗಳ ಬದಲು ಎರಡು ಮೂರು ಸ್ವರದ ಗಟ್ಟಿ ಹಿಡಿತಗಳನ್ನು ನೆಚ್ಚಿಕೊಂಡ.

ಈಗ ಆಲ್ಬಮ್ಮಿನ ಮೊದಲ ಹಾಡು ಹಾಕಿ. ಮಳೆ, ಗುಡುಗು, ದೂರದಲ್ಲಿ ಗಂಟೆ. ಆಮೇಲೆ ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸ, ಮೇಲಿನ ಸ, ಕೆಳಗಿಳಿದು ಪ್ರತಿಮಧ್ಯಮ. ಅಷ್ಟೇ. ಕಲ್ಯಾಣಿ ರಾಗದಲ್ಲಿ ಅದೇ ಪ್ರತಿಮಧ್ಯಮ ಎಷ್ಟು ಹಿತ ಅಲ್ವಾ? ಅಲ್ಲಿ ಅದಕ್ಕೆ ಪಕ್ಕದಲ್ಲಿ ಪಂಚಮದ ಆಸರೆ ಇದೆ. ಇಲ್ಲಿ ಆ ಸ್ವರ ಎಲ್ಲಿಗೂ ಹೋಗದೆ, ಅಲ್ಲೇ ನಡುಗ್ತಾ ನಿಂತುಬಿಡುತ್ತೆ. ಮನೆ ಸೇರದ ಸ್ವರ. ಭಯ ಹುಟ್ಟೋದು ಅದರಿಂದ, ಮುಖಪುಟದ ಕಪ್ಪು ಬಟ್ಟೆಯ ಹೆಂಗಸಿನಿಂದಲ್ಲ. ಹೂವು, ಪ್ರೀತಿ, ಶಾಂತಿ ಅಂತಿದ್ದ ಅರವತ್ತರ ದಶಕದ ರಾಕ್‌ಗೆ ಕಾರ್ಖಾನೆಯ ಊರಿನಿಂದ ಬಂದ ಉತ್ತರ ಇದು ಅಂತ ನನಗನ್ನಿಸುತ್ತೆ.

ಹಾಗಂತ ಇಡೀ ಆಲ್ಬಮ್ ಚಿನ್ನ ಅಲ್ಲ. 'ಈವಿಲ್ ವುಮನ್' ಬೇರೆ ತಂಡದ ಹಾಡು, ಇವರ ಕೈಗೆ ಒಗ್ಗಿಯೇ ಇಲ್ಲ. 'ವಾರ್ನಿಂಗ್' ಕೂಡ ಬೇರೆಯವರದ್ದೇ. ಹತ್ತು ನಿಮಿಷಕ್ಕೂ ಹೆಚ್ಚು ಎಳೆದಿದ್ದಾರೆ, ಮಧ್ಯದಲ್ಲಿ ಗಿಟಾರ್ ದಾರಿ ತಪ್ಪಿದ ದನದ ಹಾಗೆ ಅಲೆಯುತ್ತೆ. 'ದಿ ವಿಝರ್ಡ್' ಇನ್ನೂ ಹಳೆಯ ಬ್ಲೂಸ್ ಅಂಗಳದಲ್ಲೇ ಇದೆ. ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಇದನ್ನು ಕ್ರೀಮ್ ತಂಡದ ಕಳಪೆ ನಕಲು ಅನ್ನೋ ಧಾಟಿಯಲ್ಲಿ ಬೈದ. ಎರಡನೇ ಬದಿ ಮಾತ್ರ ಕೇಳಿದರೆ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಅವನ ಕಿವಿಗೆ ತಪ್ಪಿದ್ದು ಮೊದಲ ಹಾಡು ಮತ್ತು 'ಎನ್.ಐ.ಬಿ.'. ಜನ ಮಾತ್ರ ಕೊಂಡುಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಜಾಗಕ್ಕೆ ಏರಿತು. ಅಂದರೆ ದಿಕ್ಕು ಬದಲಿಸೋ ಆಲ್ಬಮ್ ಪರಿಪೂರ್ಣ ಇರಬೇಕಂತೇನಿಲ್ಲ. ಅರ್ಧ ಹಳೆಯದರಲ್ಲೇ ಕಾಲಿಟ್ಟುಕೊಂಡು ಒಂದು ಹೊಸ ಬಾಗಿಲು ತೆರೆದರೂ ಸಾಕು.

ಆ ಬಾಗಿಲಿಂದ ಮುಂದೆ ಹೋಗಿದ್ದು ಅವರೇ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಐಯೋಮಿ ಹಲವು ಹಾಡುಗಳಿಗೆ ಶ್ರುತಿಯನ್ನು ಮೂರು ಅರ್ಧಸ್ವರದಷ್ಟು ಇಳಿಸಿದ. ತಂತಿ ಸಡಿಲಾದರೆ ಬೆರಳಿಗೆ ಆರಾಮ. ಜೊತೆಗೆ ಸದ್ದು ಭೂಮಿಗಿಳಿಯಿತು. ಮುಂದೆ ಹೆವಿ ಮೆಟಲ್ ಅಂತ ಹೆಸರಾದ ಸಂಗೀತದ ನಡಿಗೆಯೇ ಅದಾಯಿತು. 2006ರಲ್ಲಿ ಇವರನ್ನು ರಾಕ್ ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ ಪರಿಚಯದ ಮಾತಾಡಿದ್ದು ಮೆಟಾಲಿಕಾ ತಂಡದವರು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಮ್ಮ ಹುಡುಗರು ತಲೆ ಕುಣಿಸಿದ್ದು ಅದೇ ಮೆಟಾಲಿಕಾಕ್ಕೆ. ಬೇರು ಎಲ್ಲಿದೆ ನೋಡಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ, ಆದರೆ ಅಪಾಯಕಾರಿ. 'ಕೊರತೆಯಿಂದಲೇ ಸೃಜನಶೀಲತೆ' ಅನ್ನೋ ಮಾತನ್ನು ನಮ್ಮ ಐಟಿ ಕೆಲಸದಲ್ಲಿ ಆಗಾಗ ಕೇಳ್ತೀವಿ. ಸಾಮಾನ್ಯವಾಗಿ ಹತ್ತು ಜನರ ಕೆಲಸಕ್ಕೆ ಆರು ಜನರನ್ನು ಬಿಡುವಾಗ. ಐಯೋಮಿಯ ಕಥೆ ಅಂಥ ಸ್ಲೈಡುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆಲೆಮನೆ ಗಾಣಕ್ಕೆ, ಮೇವು ಕತ್ತರಿಸೋ ಯಂತ್ರಕ್ಕೆ ಬೆರಳು ಕೊಟ್ಟವರನ್ನು ಹಳ್ಳಿಯಲ್ಲಿ ಬೆಳೆದ ನಮ್ಮಂಥೋರು ನೋಡಿದ್ದೀವಿ. ಅವರ್ಯಾರೂ ಹೊಸ ಸಂಗೀತ ಹುಟ್ಟಿಸಲಿಲ್ಲ. ಲೋಟ ಹಿಡಿಯೋದನ್ನ ಇನ್ನೊಂದು ಕೈಗೆ ಕಲಿಸಿಕೊಂಡರು, ಅಷ್ಟೇ. ಗಾಯ ಯಾರಿಗೂ ಏನನ್ನೂ ಕೊಡೋದಿಲ್ಲ, ಕಿತ್ಕೊಳ್ಳುತ್ತೆ. ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ನೋವು ನುಂಗಿ, ಮತ್ತೆ ಮತ್ತೆ ತಂತಿ ಒತ್ತಿದ್ದು ಆ ಹುಡುಗ. ಕ್ರೆಡಿಟ್ ಅವನಿಗೆ ಹೋಗಬೇಕು, ಯಂತ್ರಕ್ಕಲ್ಲ.

ಕೇಳದೇ ಇರೋರು ಕೇಳಿ. ಮೊದಲ ಹಾಡು, ಆಮೇಲೆ 'ಎನ್.ಐ.ಬಿ.', ಆಮೇಲೆ ನೇರ 1971ರ 'ಚಿಲ್ಡ್ರನ್ ಆಫ್ ದಿ ಗ್ರೇವ್'ಗೆ ಬನ್ನಿ. ಫೋನಿನ ಸ್ಪೀಕರಲ್ಲಿ ಬೇಡ, ಒಳ್ಳೆ ಹೆಡ್‌ಫೋನ್ ಹಾಕ್ಕೊಳ್ಳಿ. ಆ ತಗ್ಗಿನ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಬೇಕು.